ಸಹನೆಯ ಉಪದೇಶಕ್ಕಿಂತ ಮೊದಲು

ಅವೆನ್ಯೂ ರಸ್ತೆಯ ನಮ್ಮ ಕಾಗದದಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಚಾಚಾರ ತೋಳಿನಲ್ಲಿ ಕಾರಣವಿಲ್ಲದೆ ನೀಲಿ ಕಲೆಗಳು ಕಾಣಿಸಿಕೊಂಡವು. ಅಸ್ಥಿಮಜ್ಜೆಯ ಪರೀಕ್ಷೆಯ ಬಳಿಕ ವೈದ್ಯರು ಏಪ್ಲಾಸ್ಟಿಕ್ ಅನೀಮಿಯಾ ಎಂದರು. ರಕ್ತಕಣಗಳನ್ನು ಉತ್ಪಾದಿಸಬೇಕಾದ ಮಜ್ಜೆಯೇ ಬರಿದಾಗತೊಡಗಿತ್ತು.

ನಾವು ಗುಂಪುಗುಂಪಾಗಿ ನೋಡಲು ಹೋದೆವು. ಪ್ರವಾದಿ ಅಯ್ಯೂಬ್(ಅ)ರ ಸಹನೆಯನ್ನು ನೆನಪಿಸಿದೆವು. ಚಾಚಾ ಮೆಲ್ಲನೆ ಹೇಳಿದರು: “ಆ ಚರಿತ್ರೆ ನನಗೂ ಗೊತ್ತು ಮಗಾ. ನಾಳೆಯ ರಕ್ತಕ್ಕೆ ಯಾರು ಬರುತ್ತಾರೆ, ಅದನ್ನು ಹೇಳು.”

ನಾವು ನಾಚಿದೆವು. ಬಿಳಿ ರಕ್ತಕಣಗಳು ಕುಸಿದವರಿಗೆ ನಮ್ಮ ಸಣ್ಣ ನೆಗಡಿಯೂ ಅಪಾಯಕರವೆಂದು ಅನಂತರ ತಿಳಿಯಿತು. ರೋಗಿಯ ಸಂದರ್ಶನವು ಪುಣ್ಯಕರ್ಮವೇ ಸರಿ. ಆದರೆ ಕೆಲವೊಮ್ಮೆ ಬಾಗಿಲ ಹೊರಗೆ ನಿಲ್ಲುವುದೇ ರೋಗಿಯ ಹಕ್ಕನ್ನು ಪೂರೈಸುತ್ತದೆ.

ಮಜ್ಜೆ ಕೊಡಬೇಕಾಗಬಹುದಾದ ರಕ್ತಸಂಬಂಧಿಗಳು ರಕ್ತ ಕೊಡದಿರುವುದು ಒಳಿತೆಂದರು ವೈದ್ಯರು. ಸಂಗ್ರಹಿಸಿದ ಪ್ಲೇಟ್‌ಲೆಟ್ ಉಳಿಯುವುದು ಸುಮಾರು 5 ದಿನ ಮಾತ್ರ. ಆಗ ಸರದಿಯಲ್ಲಿ ನಿಂತವರು ನೆರೆಯ ಪುಸ್ತಕದಂಗಡಿಯ ಹಿಂದೂ ಸಹೋದರರು.

ಒಡಹುಟ್ಟಿದ ಒಬ್ಬರ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲೊಂದು. ಚಾಚಾರ ಮೂವರು ಸಹೋದರರಲ್ಲಿ ಯಾರದೂ ಹೊಂದಲಿಲ್ಲ. ಔಷಧ ನಡೆದಿದೆ, ಶಿಫಾ ಅಲ್ಲಾಹನ ಕೈಯಲ್ಲಿದೆ. ನಮ್ಮ ಮನೆಯ ಯುವಕರು ಕೆನ್ನೆಯೊಳಗಿನ ಮಾದರಿ ಕೊಟ್ಟು ಮಜ್ಜೆದಾನಿಗಳ ನೋಂದಣಿಗೆ ಸೇರಿದ್ದಾರೆ. ಚಾಚಾರಿಗಲ್ಲದಿದ್ದರೆ ಮತ್ತಾರಿಗೋ ಆದೀತು.

ಸಹೋದರ ಸಹೋದರಿಯರೇ, ದುಆಕ್ಕೆ ಎತ್ತುವ ಕೈಯನ್ನೇ ರಕ್ತದಾನಕ್ಕೂ ಚಾಚೋಣ.