ಅಮ್ಮನ ಪಿನ್ ನಂಬರ್ ಯಾರ ಹತ್ತಿರ ಇದೆ?

ಬೈಂದೂರು ಕಡೆಯ ನಮ್ಮೂರಲ್ಲಿ ಮಳೆಗಾಲದ ನೆಟ್‌ವರ್ಕ್ ಅಂದ್ರೆ ಹೀಗೆ: ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ಎಳೆಯುತ್ತದೆ, ಆಮೇಲೆ ಫೋನು ಬರೀ ಟಾರ್ಚ್. ಘಟ್ಟದ ಬುಡದ ಊರುಗಳಲ್ಲಿ ಇನ್ನೂ ಕಷ್ಟ. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ನಿಮಗೂ ನೆನಪಿರಬಹುದು.

ಆದರೆ ಟವರ್ ಬಂದ ಕೂಡಲೇ ಎಲ್ಲ ಸರಿಯಾಗುತ್ತೆ ಅಂತ ನನಗನಿಸುವುದಿಲ್ಲ. ಫುಲ್ ಸಿಗ್ನಲ್ ಇದ್ದ ದಿನವೂ ನಮ್ಮಮ್ಮ ಫೋನ್ ಹಿಡಿದುಕೊಂಡು ಪೇಟೆಗೆ ಹೋಗುತ್ತಿದ್ದಳು, ಅಂಗಡಿಯವನ ಹತ್ತಿರ ಬ್ಯಾಂಕ್ ಬ್ಯಾಲೆನ್ಸ್ ನೋಡಿಸಲಿಕ್ಕೆ. ಬೈಂದೂರು, ಬ್ರಹ್ಮಾವರ 2018ರಲ್ಲಿ ಪ್ರತ್ಯೇಕ ತಾಲೂಕಾದವು, ಕುಂದಾಪುರಕ್ಕೆ ಅಲೆಯುವುದು ತಪ್ಪಿತು ಅಂದುಕೊಂಡೆವು. ಕಚೇರಿ ಹತ್ತಿರ ಬರುವಷ್ಟರಲ್ಲಿ ಪಹಣಿ, ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್ ಎಲ್ಲ ಫೋನಿಗೆ ಹೋಗಿಯಾಗಿತ್ತು!

ಡೇಟಾ ಅಗ್ಗ ಅನ್ನುವುದೂ ನಮ್ಮಂಥ ಸಂಬಳದವರ ಮಾತು. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಜಿಯೋದ 239 ರೂಪಾಯಿಯ ಪ್ಯಾಕ್ 299 ಆಯಿತು. ಅದೂ 28 ದಿನಕ್ಕೆ. ಅಂದ್ರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಮನೆಯಲ್ಲಿ ಮೂರು ಫೋನ್ ಇದ್ದರೆ ಹತ್ತಿರ ಹತ್ತಿರ 900 ರೂಪಾಯಿ, ಗೃಹಲಕ್ಷ್ಮಿಯ 2,000ದಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ. ಆಚೆಮನೆ ಅಕ್ಕ ಒಂದು ತಿಂಗಳು ಹಾಕಿಸಿ ಒಂದು ತಿಂಗಳು ಬಿಡುತ್ತಾರೆ. ಓಟಿಪಿ ಬೇಕಾಗುವುದು ಮಾತ್ರ ಯಾವಾಗಲೂ ಆ ಬಿಟ್ಟ ತಿಂಗಳಲ್ಲೇ.

ಕಲಿಸುವ ಕೆಲಸ ಸರಕಾರ ಮಾಡಲಿಲ್ಲ ಅಂತಲ್ಲ. 2017ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ 20 ಗಂಟೆಯ ತರಬೇತಿ ಇತ್ತು, ಗುರಿ 6 ಕೋಟಿ ಗ್ರಾಮೀಣ ಕುಟುಂಬ. ಆದರೆ ಮನೆಗೆ ಒಬ್ಬರು, ವಯಸ್ಸು 14ರಿಂದ 60. ಮನೆಗೊಬ್ಬರು ಅಂದ್ರೆ ಯಾರು ಹೋಗ್ತಾರೆ ಹೇಳಿ? ಕಾಲೇಜಿಗೆ ಹೋಗುವ ಮಗನೋ ಮಗಳೋ. ಕಲಿತ ಮೇಲೆ ಅವರು ಬೆಂಗಳೂರು, ಮುಂಬೈ ಸೇರುತ್ತಾರೆ. ಅಮ್ಮಂದಿರು ಮೊದಲಿದ್ದಲ್ಲೇ.

ನಮ್ಮ ಜಿಲ್ಲೆಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿತ್ತು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರೂ ಹಾಗೆ ಖಾತೆದಾರರಾದರು. ಫೋನಿಗೂ ಅಂಥದೊಬ್ಬ ಏಜೆಂಟ್ ಬೇಕು. ಈಗಂತೂ ಪಂಚಾಯತ್ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೆಸರಿಟ್ಟು ಕಂಪ್ಯೂಟರ್ ಕೊಡುತ್ತಿದ್ದಾರೆ. ಸ್ವಸಹಾಯ ಸಂಘದ ಹೆಂಗಸರು ವಾರಕ್ಕೊಮ್ಮೆ ಅಲ್ಲಿ ಕೂತರೆ ಸಾಕಲ್ವಾ? ಬೇರೆ ಕಟ್ಟಡ ಯಾಕೆ?

ನಮ್ಮನೆಯಲ್ಲಿ ಏಜೆಂಟ್ ನಾನೇ ಆದೆ. ದೀಪಾವಳಿ ರಜೆಗೆ ಹೋದಾಗ ಗೊತ್ತಾಯಿತು, ಅಮ್ಮನ ಪಿನ್ ಅಂಗಡಿಯವನಿಗೆ ಬಾಯಿಪಾಠ. "ಅವ ಒಳ್ಳೆ ಜನ ಮಗಾ, ನಂಬರ್ ಅವಂಗೇ ಗೊತ್ತಿತ್" ಅಂದಳು, ಅದೊಂದು ಅನುಕೂಲ ಅನ್ನುವ ಹಾಗೆ. ಅವನು ಒಂದು ರೂಪಾಯಿ ಮುಟ್ಟಿರಲಿಲ್ಲ, ನಿಜ. ಆದರೂ 63 ವರ್ಷದ ಹೆಂಗಸಿಗೆ ತನ್ನ ದುಡ್ಡು ಎಷ್ಟಿದೆ ಅಂತ ಇನ್ನೊಬ್ಬರು ಹೇಳಬೇಕಾ?

ದಿನಾ ಪೇಪರ್ ಪೂರ್ತಿ ಓದುವವಳಿಗೆ ಫೋನ್ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ಬದಲಾಯಿಸಿದ ಮೇಲೆ ಅರ್ಧ ಹೆದರಿಕೆ ಹೋಯಿತು. ಮಾತಾಡಿ ಟೈಪ್ ಮಾಡುವುದು ಕಲಿಸಿದೆ. ಕುಂದಾಪ್ರ ಕನ್ನಡ ಫೋನಿಗೆ ಅರ್ಥವಾಗದೆ ಏನೇನೋ ಬರೆಯಿತು. ಅಮ್ಮ ಈಗ ಮಾಷ್ಟ್ರ ಎದುರು ನಿಂತ ಹಾಗೆ "ನೀನು ಯಾವಾಗ ಬರುತ್ತೀಯಾ" ಅನ್ನುತ್ತಾಳೆ, ಫೋನಿಗೆ ಮಾತ್ರ! ಪಿನ್ ವಿಷಯದಲ್ಲಿ ಒಂದೇ ಸೂತ್ರ ಹೇಳಿಕೊಟ್ಟೆ: ದುಡ್ಡು ಬರಲಿಕ್ಕೆ ಪಿನ್ ಬೇಡ, ಪಿನ್ ಕೇಳಿದರೆ ದುಡ್ಡು ಹೋಗ್ತಾ ಇದೆ ಅಂತ ಲೆಕ್ಕ. ಸೈಬರ್ ವಂಚನೆಯ ಸಹಾಯವಾಣಿ 1930 ಅಂತ ಕ್ಯಾಲೆಂಡರ್ ಮೇಲೆ ಅವಳೇ ದಪ್ಪಕ್ಕೆ ಬರೆದುಕೊಂಡಳು.

ಮೊನ್ನೆ ಫೋನ್ ಮಾಡಿ, ಆಚೆಮನೆ ಅಕ್ಕನಿಗೂ ಪಿನ್ ಬದಲಾಯಿಸುವುದು ಹೇಳಿಕೊಟ್ಟೆ ಅಂದಳು. ಪರೀಕ್ಷೆ ಮಾಡಲಿಕ್ಕೆ ಕೇಳಿದೆ, "ಅವರ ಹೊಸ ನಂಬರ್ ಎಂತ?"

"ನಾನ್ ಆಚಿ ಬದಿ ತಿರ್ಗಿ ಕೂಕಂಡಿದ್ದೆ, ನಂಗ್ ಹ್ಯಾಂಗ್ ಗೊತ್ತಾತ್?" ಅಂದಳು.