ಎಂಟು ಜಿಬಿಯೂ ಒಂದು ಚೀಟಿಯೂ

ಕಚೇರಿಯಲ್ಲಿ ಕಡತ ಕಾಣೆಯಾದರೆ ನಾವು ಹೆದರುವುದಿಲ್ಲ. ಹುಡುಕುವುದಕ್ಕೇ ತಾನೆ ನಮಗೆ ಸಂಬಳ! ಆದರೆ ವಾಚಕ ಬಂಧುಗಳೇ, ಕಳೆದ ದೀಪಾವಳಿಯ ರಜೆಯಲ್ಲಿ ವೈಜಾಪುರದ ನಮ್ಮ ಮನೆಯಲ್ಲೇ ಒಂದು ಕಡತ ನಮ್ಮನ್ನು ಕಂಗೆಡಿಸಿತು.

ನಮ್ಮ ತಂದೆಯವರು ತೀರಿಕೊಳ್ಳುವ ಮುನ್ನ, ಅಜ್ಜಿ ಹಾಡುತ್ತಿದ್ದ ಬೀಸುಕಲ್ಲಿನ ಪದಗಳನ್ನೆಲ್ಲ ವಿಂಡೋಸ್ ಎಕ್ಸ್‌ಪಿಯ ಹಳೆಯ ಕಂಪ್ಯೂಟರಿನಲ್ಲಿ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಿಂದ ಬೆರಳಚ್ಚು ಮಾಡಿದ್ದರು. 2014ರ ಏಪ್ರಿಲಿನಲ್ಲಿ ಎಕ್ಸ್‌ಪಿಗೆ ಕಂಪನಿಯ ಆಸರೆ ನಿಂತಿತು, ಯಂತ್ರವೂ ಮುದಿಯಾಯಿತು. ಆಗ ಅದನ್ನು ಇದ್ದ ಹಾಗೆಯೇ ವಿಎಂವೇರಿನ 'ವರ್ಚುವಲ್ ಮಶೀನ್' ಮಾಡಿಟ್ಟುಕೊಂಡೆವು. ಎಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರು; ಅದರ ಡಿಸ್ಕೆಂಬುದು ನಮಗೆ ಬರಿಯ ಫೈಲು.

ಹಬ್ಬದ ದಿನ ಮಗಳಿಗೆ ಆ ಪದಗಳನ್ನು ತೋರಿಸೋಣವೆಂದು ತೆರೆದರೆ, 'ಫೈಲು ಸಿಗಲಿಲ್ಲ' ಎಂಬ ಉತ್ತರ! ಎಂಟು ಜಿಬಿಯ ಫೈಲು ಕಣ್ಣೆದುರಿಗೇ ಇತ್ತು. "ಮಾವನವರು ಬರೆದದ್ದು ಹೋತೇನ್ರೀ?" ಎಂದು ಅಡಿಗೆಮನೆಯಿಂದ ಪ್ರಶ್ನೆ ಬಂತು. ನಮಗೆ ಮಾತು ಹೊರಡಲಿಲ್ಲ.

ಎರಡು ರಾತ್ರಿ ಕೂತ ಮೇಲೆ ಕಾರಣ ತಿಳಿಯಿತು. ಇಂಥ ಡಿಸ್ಕಿಗೆ ಎರಡು ಫೈಲುಗಳು. ಹೆಸರಿನ ಕೊನೆಗೆ 'ಫ್ಲ್ಯಾಟ್' ಎಂದಿರುವ ದೊಡ್ಡದರಲ್ಲಿ ಸರಕೆಲ್ಲ ಇರುತ್ತದೆ. ಇನ್ನೊಂದು ಕೆಲವೇ ಸಾಲಿನ ಚೀಟಿ: ದೊಡ್ಡದರ ಹೆಸರೇನು, ಅದರಲ್ಲಿ ಎಷ್ಟು ಸೆಕ್ಟರು, ಇಂಥ ವಿವರ. ಯಂತ್ರ ಮೊದಲು ಕೇಳುವುದು ಚೀಟಿಯನ್ನೇ. ಜಾಗ ಉಳಿಸುವ ಉತ್ಸಾಹದಲ್ಲಿ ಅದನ್ನು ಕಸವೆಂದು ಅಳಿಸಿದವರು ಬೇರಾರೂ ಅಲ್ಲ, ಟಿಪ್ಪಣಿ ಹಾಳೆಯಿಲ್ಲದ ಕಡತವನ್ನು ಕಚೇರಿಯಲ್ಲಿ ಮುಟ್ಟದ ನಾವೇ!

ಮೊದಲು ದೊಡ್ಡ ಫೈಲಿನ ಒಂದು ಪ್ರತಿಯನ್ನು ಬೇರೆಡೆ ಭದ್ರಪಡಿಸಿದೆವು. ಅಳತೆ 858,99,34,592 ಬೈಟು. ಸೆಕ್ಟರಿಗೆ 512ರಂತೆ ಭಾಗಿಸಿದರೆ 1,67,77,216, ಶೇಷವಿಲ್ಲ. ಅಳತೆಯಲ್ಲಿ ಕೊರತೆಯಿಲ್ಲವೆಂದು ಹೋದ ಜೀವ ಬಂತು. ಅಷ್ಟೇ ಅಳತೆಯ, ಜಾಗವನ್ನೆಲ್ಲ ಮೊದಲೇ ಕಾಯ್ದಿರಿಸಿದ ಖಾಲಿ ಡಿಸ್ಕೊಂದನ್ನು ಹೊಸದಾಗಿ ಮಾಡಿದೆವು. ಅದರ ಚೀಟಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಒಳಗೆ ನಮ್ಮ ದೊಡ್ಡ ಫೈಲಿನ ಹೆಸರು ಬರೆದು, ಕಳೆದ ಚೀಟಿಯ ಹೆಸರನ್ನೇ ಅದಕ್ಕೆ ಕೊಟ್ಟು ಪಕ್ಕದಲ್ಲಿಟ್ಟೆವು. ಎಕ್ಸ್‌ಪಿಯ ಹಸುರು ಗುಡ್ಡ ಮೂಡಿತು!

ಮಗಳನ್ನು ಕೂಗಿದೆವು. ತಂದೆಯವರ ಬರಹವನ್ನು ನೋಡಿ ಅವಳು, "ನೀವs ಓದ್ರಿ ಅಪ್ಪಾ, ನನಗ ಓದಲಿಕ್ಕೆ ಬರಂಗಿಲ್ಲ" ಎಂದಳು.

ಶಾಲೆಯಲ್ಲಿ ಮರಾಠಿ ಕಲಿಯುವ ಹುಡುಗಿ. ಮನೆಯ ಕನ್ನಡವೆಲ್ಲ ಅವಳೊಳಗೆ ಭದ್ರವಾಗಿದೆ. ಅಕ್ಷರದ ಚೀಟಿಯನ್ನು ಕೊಡಲು ನಾವು ಮರೆತಿದ್ದೆವು. ಅಂದಿನಿಂದ ರಾತ್ರಿ ಊಟವಾದ ಮೇಲೆ ಕಾಗುಣಿತ ನಡೆದಿದೆ. ಮೊನ್ನೆ ಅಜ್ಜನ ಮೊದಲ ಸಾಲಿನಲ್ಲಿ 'ಬೀಸು' ಎಂಬಲ್ಲಿಯವರೆಗೆ ಬಂದಳು. 'ಕಲ್ಲಿ'ನ ಒತ್ತಿಗೆ ಇನ್ನೂ ಎಡವುತ್ತಾಳೆ.