ಬಂಗಲೆಯ ಟೀ

ಲಂಡನ್ನಿನ ಮನೆಯಲ್ಲಿ ಮೊಮ್ಮಗಳು ಫೋನಿನಲ್ಲಿ ಟೇಬಲ್ ಕಾದಿರಿಸುತ್ತಿದ್ದಾಗ ತಾತ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದರು. ಊರಿನಿಂದ ಬರುವಾಗ ಫಿಲ್ಟರನ್ನೂ ಎರಡು ಕೆ.ಜಿ. ಪುಡಿಯನ್ನೂ ಪಂಚೆಯಲ್ಲಿ ಸುತ್ತಿ ತಂದಿದ್ದರು. ‘ಹೈ ಟೀ, ಇಬ್ಬರಿಗೆ, ಶನಿವಾರ ನಾಲ್ಕು ಗಂಟೆಗೆ’ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಕಿವಿಗೆ ಬಿತ್ತು.

‘ಯಾರಿಗೆ ಪುಟ್ಟಿ?’

‘ನಮಗೇ ತಾತ. ಊರಿಗೆ ಹೋಗೋಕೆ ಮುಂಚೆ ಒಂದು ಸಲ ನೋಡ್ಕೊಂಡು ಹೋಗಿ.’

‘ನಾನು ಟೀ ಕುಡಿಯಲ್ಲ ಅಂತ ಗೊತ್ತಲ್ಲ ನಿನಗೆ.’

‘ಗೊತ್ತು. ತಿಂಡಿ ತಿನ್ನಿ, ಟೀ ನಾನು ಕುಡೀತೀನಿ.’

ತಾತ ಟೀ ಕುಡಿಯುವುದಿಲ್ಲ ಎನ್ನುವುದು ಆ ಮನೆತನದ ಹಳೆಯ ತಮಾಷೆ. ಯಾಕೆಂದರೆ ಅವರು ಮೂವತ್ತೆಂಟು ವರ್ಷ ಮಾಡಿದ ಕೆಲಸವೇ ಟೀ ತಯಾರಿಸುವುದು. ಗುಂಡ್ಲುಪೇಟೆ ಕಡೆಯ ಹಳ್ಳಿಯ ಹುಡುಗ, 1964ರಲ್ಲಿ ಬಂಡೀಪುರದ ಕಾಡು ದಾಟಿ ಬಸ್ಸಿನಲ್ಲಿ ನೀಲಗಿರಿ ಹತ್ತಿದವರು. ಕೂನೂರಿನ ಆಚೆಯ ಒಂದು ಎಸ್ಟೇಟಿನ ಕಾರ್ಖಾನೆಗೆ ಲೆಕ್ಕ ಬರೆಯಲು ಸೇರಿ, ಕಣ್ಣು ಮೂಗುಗಳ ಚುರುಕಿನಿಂದ ಟೀ ಮೇಕರ್ ಆಗುವ ತನಕ ಏರಿದರು. ಟೀ ಮೇಕರ್ ಅಂದರೆ ಹೋಟೆಲಿನಲ್ಲಿ ಟೀ ಕಾಸುವವನಲ್ಲ. ಕಾರ್ಖಾನೆಯೊಳಗೆ ಹಸಿ ಎಲೆ ಬಂದ ಕ್ಷಣದಿಂದ ಪೆಟ್ಟಿಗೆಗೆ ಮೊಳೆ ಬೀಳುವ ತನಕ ಅದಕ್ಕೆ ಅವನೇ ಅಪ್ಪ ಅಮ್ಮ. ಎಲೆಯನ್ನು ರಾತ್ರಿಯಿಡೀ ಬಾಡಿಸಬೇಕು. ಬಾಡಿದ್ದನ್ನು ರೋಲರಿಗೆ ಹಾಕಿ ಹೊಸೆಯಬೇಕು. ಹೊಸೆದದ್ದು ಗಾಳಿಗೆ ಮಾಗಿ ಹಸಿರು ಬಿಟ್ಟು ತಾಮ್ರದ ಬಣ್ಣಕ್ಕೆ ತಿರುಗುವುದನ್ನು ಕಾದು, ಸರಿಯಾದ ಗಳಿಗೆಯಲ್ಲಿ ಡ್ರೈಯರಿಗೆ ಕೊಡಬೇಕು. ಹತ್ತು ನಿಮಿಷ ಮುಂಚೆ ಕೊಟ್ಟರೆ ಒಗರು, ಹತ್ತು ನಿಮಿಷ ತಡವಾದರೆ ಸಪ್ಪೆ. ಆ ಗಳಿಗೆಯನ್ನು ತಾತ ಗಡಿಯಾರದಲ್ಲಿ ನೋಡುತ್ತಿರಲಿಲ್ಲ, ಮೂಗಿನಲ್ಲಿ ನೋಡುತ್ತಿದ್ದರು. ನಾಲ್ಕೂವರೆ ಕೆ.ಜಿ. ಹಸಿ ಎಲೆಗೆ ಸುಮಾರು ಒಂದು ಕೆ.ಜಿ. ಟೀ.

ದಿನಾ ಬೆಳಿಗ್ಗೆ ಹಿಂದಿನ ದಿನದ ಮಾಲಿನ ರುಚಿ ನೋಡುವುದೂ ಅವರದೇ ಕೆಲಸ. ಸಾಲಾಗಿ ಬಿಳಿ ಬಟ್ಟಲುಗಳು, ಒಂದೊಂದಕ್ಕೂ ಹಳೆಯ ಬ್ರಿಟಿಷ್ ಆರು ಪೆನ್ಸ್ ನಾಣ್ಯದ ತೂಕದಷ್ಟು ಸೊಪ್ಪು, ಅಂದರೆ ಮೂರು ಗ್ರಾಂಗೆ ತುಸು ಕಡಿಮೆ. ಕುದಿಯುವ ನೀರು ಹೊಯ್ದು ಐದಾರು ನಿಮಿಷ ಬಿಟ್ಟು, ಚಮಚದಲ್ಲಿ ಎತ್ತಿ ‘ಸೊರ್’ ಎಂದು ಸದ್ದು ಮಾಡಿ ಹೀರಬೇಕು. ಸದ್ದಿಲ್ಲದೆ ಹೀರಿದರೆ ಗಾಳಿ ಸೇರುವುದಿಲ್ಲ, ವಾಸನೆ ಮೂಗಿಗೆ ಏರುವುದಿಲ್ಲ. ಆಮೇಲೆ ಉಗಿದುಬಿಡಬೇಕು. ಹೀಗೆ ಲಕ್ಷಗಟ್ಟಲೆ ಗುಟುಕು ಬಾಯಿಗೆ ಹಾಕಿಕೊಂಡು ಉಗಿದ ಮನುಷ್ಯ ಮನೆಗೆ ಬಂದು ಹೆಂಡತಿಯ ಕೈಯಿಂದ ಕುಡಿಯುತ್ತಿದ್ದದ್ದು ಕಾಫಿ. ಉಗಿದು ಉಗಿದು ಬೇಸರ ಬಂದಿರಬೇಕು ಎಂದು ಮಕ್ಕಳು ಅಂದುಕೊಂಡಿದ್ದರು. ನಿಜವಾದ ಕಾರಣ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಆಕೆ ಈಗಿಲ್ಲ.

2023ರ ಬೇಸಿಗೆಯ ಆ ಶನಿವಾರ ತಾತ ನಿವೃತ್ತಿಯ ದಿನ ಹೊಲಿಸಿದ ಕಂದು ಕೋಟು ಹಾಕಿಕೊಂಡರು. ಗ್ರೀನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಆ ಹೋಟೆಲು. ಬಾಗಿಲಲ್ಲಿ ಟೋಪಿಯವನು ನಡು ಬಗ್ಗಿಸಿದ್ದಕ್ಕೆ ತಾತನೂ ಕೈ ಮುಗಿದರು. ಒಳಗೆ ಎತ್ತರದ ಕಂಬಗಳು, ಮೂಲೆಯಲ್ಲಿ ಪಿಯಾನೊ, ಬಿಳಿ ಮೇಜುಬಟ್ಟೆ. ಮೊಮ್ಮಗಳು ತೋರಿಸದೆ ಮಡಚಿಟ್ಟ ದರಪಟ್ಟಿಯನ್ನು ಅವರು ಬಿಡಿಸಿ ನೋಡಿ ಮನಸ್ಸಿನಲ್ಲೇ ಗುಣಿಸಿದರು. ತಲೆಗೆ ಆರು ಸಾವಿರ ರೂಪಾಯಿಯ ಮೇಲಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷದ ಅವರ ಇಡೀ ಸಂಬಳ ಅಷ್ಟಿರಲಿಲ್ಲ.

ಬಡಿಸಲು ಬಂದವನು ಐವತ್ತು ದಾಟಿದ, ಕೆಂಪು ಮುಖದ, ಅವಸರವಿಲ್ಲದ ಮನುಷ್ಯ. ‘ತಾತನಿಗೆ ಹೈ ಟೀ ತೋರಿಸೋಣ ಅಂತ ಕರಕೊಂಡು ಬಂದೆ’ ಎಂದು ಮೊಮ್ಮಗಳು ಹೇಳಿದಾಗ ಅವನು ನಕ್ಕು, ಕ್ಷಮೆ ಕೇಳಿಕೊಂಡೇ ತಿದ್ದಿದ. ಇಲ್ಲಿ ಕೊಡುವುದು ಆಫ್ಟರ್‌ನೂನ್ ಟೀ. ಹೈ ಟೀ ಬೇಕಿದ್ದರೆ ಉತ್ತರ ಇಂಗ್ಲೆಂಡಿನ ತನ್ನ ಅಜ್ಜಿಯ ಅಡಿಗೆಮನೆಗೆ ಹೋಗಬೇಕಿತ್ತು. ಅಜ್ಜ ಕಲ್ಲಿದ್ದಲ ಗಣಿಯಿಂದ ಸಂಜೆ ಬಂದು ಮೈ ತೊಳೆದ ಕೂಡಲೇ ಮೇಜಿನ ಮೇಲೆ ಬ್ರೆಡ್ಡು, ತಣ್ಣನೆಯ ಮಾಂಸ, ಪೈ, ಚೀಸು, ಜೊತೆಗೆ ಚಮಚ ನಿಲ್ಲುವಷ್ಟು ಕಡಕ್ ಟೀ. ಅದು ಹೈ ಟೀ.

ಅವನು ಹೇಳಿದ್ದು ಸರಿ. ದೊಡ್ಡವರ ಟೀ ಸೋಫಾದ ಮುಂದಿನ ತಗ್ಗು ಮೇಜಿನ ಮೇಲೆ ನಡೆಯುತ್ತಿತ್ತು. ದುಡಿದು ಬಂದವರದು ಊಟದ ಎತ್ತರದ ಮೇಜಿನ ಮೇಲೆ. ‘ಹೈ’ ಬಂದದ್ದು ಆ ಎತ್ತರದಿಂದ ಎಂದೇ ಬಹಳ ಜನ ಹೇಳುವುದು. ಹೆಸರಿನಲ್ಲಿ ಎತ್ತರ ಕಂಡ ಕೂಡಲೇ ಅದು ಶ್ರೀಮಂತರದೇ ಇರಬೇಕೆಂದು ಲೋಕ ನಂಬಿಬಿಟ್ಟಿತು. ಬೆಂಗಳೂರಿನ ಆಹ್ವಾನ ಪತ್ರಿಕೆಗಳಲ್ಲೂ ‘ಕಾರ್ಯಕ್ರಮದ ನಂತರ ಹೈ ಟೀ’ ಎಂದು ಅಚ್ಚಾಗಿರುತ್ತದೆ, ಹೋಗಿ ನೋಡಿದರೆ ಎರಡು ಬೋಂಡ. ಬೆಡ್‌ಫರ್ಡಿನ ಏಳನೆಯ ಡಚೆಸ್ ಆಗಿದ್ದ ಆ್ಯನಾ ಎಂಬಾಕೆಗೆ 1840ರ ಸುಮಾರಿನಲ್ಲಿ ಮಧ್ಯಾಹ್ನದ ಊಟಕ್ಕೂ ರಾತ್ರಿ ಎಂಟರ ಊಟಕ್ಕೂ ನಡುವೆ ಹೊಟ್ಟೆ ಹಸಿದು ಈ ಆಫ್ಟರ್‌ನೂನ್ ಟೀ ಹುಟ್ಟಿತೆನ್ನುವುದು ಪ್ರತೀತಿ. ಆಕೆಗಿಂತ ಮೊದಲೇ ಟೀ ಬಡವರ ಮನೆಯ ಹಾದಿ ಹಿಡಿದಿತ್ತು. 1784ರ ತನಕ ಅದರ ಮೇಲಿದ್ದ ತೆರಿಗೆ ಶೇಕಡಾ 119. ಅದನ್ನು ಪ್ರಧಾನಿ ವಿಲಿಯಂ ಪಿಟ್ ಹನ್ನೆರಡೂವರೆಗೆ ಇಳಿಸಿದಾಗ ಕಳ್ಳಸಾಗಣೆಯವರ ಹೊಟ್ಟೆಗೆ ಹೊಡೆತ ಬಿತ್ತು, ಕೂಲಿಯವರ ಒಲೆಯ ಮೇಲೆ ಕೆಟಲು ಬಂತು. ಆಗೆಲ್ಲ ಸೊಪ್ಪು ಚೀನಾದ್ದು. ಅಸ್ಸಾಮಿನ ಮೊದಲ ಪೆಟ್ಟಿಗೆಗಳು, ಒಟ್ಟು ಎಂಟು, ಲಂಡನ್ನಿನಲ್ಲಿ ಹರಾಜಾದದ್ದು 1839ರ ಜನವರಿಯಲ್ಲಿ.

ತಾತನ ಪೆಟ್ಟಿಗೆಗಳೂ ಲಂಡನ್ ಹರಾಜಿಗೆ ಬಂದವೇ. ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಅಲ್ಯೂಮಿನಿಯಂ ಹಾಳೆ, ಹೊರಗೆ ಎಸ್ಟೇಟಿನ ಹೆಸರು, ದರ್ಜೆ, ಸಂಖ್ಯೆ. ಟೀ ಮೇಕರನ ಹೆಸರು ಬರೆಯುವ ಜಾಗ ಅದರಲ್ಲಿರಲಿಲ್ಲ. 1998ರ ಜೂನ್ 29ರಂದು ಆ ಹರಾಜು ಶಾಶ್ವತವಾಗಿ ನಿಂತ ಸುದ್ದಿಯನ್ನು ಅವರು ಪೇಪರಿನಲ್ಲಿ ಓದಿ, ‘ಮುನ್ನೂರು ವರ್ಷದ ಅಂಗಡಿ ಮುಚ್ಚಿದರು’ ಎಂದಷ್ಟೇ ಹೇಳಿದ್ದರಂತೆ.

ಮೊಮ್ಮಗಳು ಟೀ ಪಟ್ಟಿ ಓದತೊಡಗಿದಳು. ಡಾರ್ಜಿಲಿಂಗ್, ಅಸ್ಸಾಂ, ಸಿಲೋನ್, ಅರ್ಲ್ ಗ್ರೇ...

‘ಅದೇನು ಕೊನೇದು?’

‘ಬೆರ್ಗಮಾಟ್ ಅಂತ ಒಂದು ನಿಂಬೆ ಜಾತಿ ಹಣ್ಣು ತಾತ. ಅದರ ಎಣ್ಣೆ ಹಾಕಿರ್ತಾರೆ.’

‘ಎಣ್ಣೆ ಹಾಕಿದ್ರೆ ತಲೆಗೆ ಹಚ್ಕೋಬೇಕು. ನೀಲಗಿರಿ ಇದೆಯಾ ನೋಡು.’

ಇರಲಿಲ್ಲ. ಅವರಿಗೆ ಆಶ್ಚರ್ಯವಾಗಲಿಲ್ಲ. ನೀಲಗಿರಿಯ ಟೀ ಹೆಸರಿಲ್ಲದೆ ಬೇರೆ ಬೇರೆ ಮಿಶ್ರಣಗಳಲ್ಲಿ ಕರಗಿಹೋಗುವುದೇ ಹೆಚ್ಚು. ‘ಅಸ್ಸಾಂ ಹೇಳು, ಅದನ್ನು ಕೆಡಿಸೋದು ಕಷ್ಟ’ ಎಂದರು.

ಮೂರು ಅಂತಸ್ತಿನ ತಟ್ಟೆ ಬಂತು. ಕೆಳಗೆ ಸ್ಯಾಂಡ್‌ವಿಚ್, ನಡುವೆ ಸ್ಕೋನ್, ಮೇಲೆ ಬೆರಳುದ್ದದ ಕೇಕುಗಳು. ಕೆಳಗಿನಿಂದ ಮೇಲಕ್ಕೆ ತಿನ್ನುತ್ತಾ ಹೋಗಬೇಕು. ಸಸ್ಯಾಹಾರಿಗಳಿಗೆಂದು ಮೀನು ಮೊಟ್ಟೆಗಳನ್ನು ಬಿಟ್ಟು ಸೌತೆಕಾಯಿ ಸ್ಯಾಂಡ್‌ವಿಚ್ಚನ್ನೇ ಧಾರಾಳವಾಗಿ ಇಟ್ಟಿದ್ದರು. ಅಂಚು ಕತ್ತರಿಸಿದ ಬ್ರೆಡ್ಡಿನ ನಡುವೆ ಕಾಗದದಷ್ಟು ತೆಳ್ಳಗಿನ ಬಿಲ್ಲೆಗಳು. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಉಪ್ಪು ಖಾರ ಸವರಿ ತಿಂದವರಿಗೆ ಅದು ಸೌತೆಕಾಯಿಯ ನೆನಪಿನಂತೆ ಮಾತ್ರ ಕಂಡಿತು. ಸ್ಕೋನ್ ಮಾತ್ರ ಅವರಿಗೆ ಹಿಡಿಸಿತು. ಬನ್ನೂ ಅಲ್ಲ, ಬಿಸ್ಕತ್ತೂ ಅಲ್ಲ, ಬಿಸಿಬಿಸಿ; ಮುರಿದು ಮೇಲೆ ಸ್ಟ್ರಾಬೆರಿ ಜಾಮು, ಬೆಣ್ಣೆಗೆ ಒಂದು ಮೆಟ್ಟಿಲು ಕೆಳಗಿನ ಗಟ್ಟಿ ಕೆನೆ. ಡೆವನ್ ಜಿಲ್ಲೆಯವರು ಮೊದಲು ಕೆನೆ ಹಚ್ಚಿ ಮೇಲೆ ಜಾಮು ಹಾಕುತ್ತಾರಂತೆ, ಪಕ್ಕದ ಕಾರ್ನ್‌ವಾಲಿನವರು ಮೊದಲು ಜಾಮು. ಈ ಜಗಳ ಇನ್ನೂ ತೀರಿಲ್ಲ. ಅನ್ನಕ್ಕೆ ಮೊದಲು ತುಪ್ಪವೋ ಸಾರೋ ಎಂಬಂಥ ಜಗಳ. ತಾತ ಎರಡನ್ನೂ ಕಲಸಿ ಹಚ್ಚಿಕೊಂಡರು.

ಅಷ್ಟರಲ್ಲಿ ಬೆಳ್ಳಿಯ ಟೀಪಾಟು ಬಂತು. ಬಡಿಸುವವನು ಇಬ್ಬರ ಮುಂದೆಯೂ ಬಟ್ಟಲಿಟ್ಟು, ಮೊದಲು ತಾತನ ಬಟ್ಟಲಿಗೇ ಬಗ್ಗಿಸಿಬಿಟ್ಟ. ಮೊಮ್ಮಗಳು ‘ಅವರು ಕುಡಿಯಲ್ಲ’ ಎನ್ನುವಷ್ಟರಲ್ಲಿ ಬಟ್ಟಲು ತುಂಬಿತ್ತು. ತಾತ ಅದನ್ನೇ ನೋಡುತ್ತಾ ಕುಳಿತರು. ಬಹಳ ಹೊತ್ತು.

‘ಆರಿಹೋಗುತ್ತೆ. ಬೇಡದಿದ್ರೆ ನನಗೆ ಕೊಡಿ ತಾತ.’

‘ಇರು.’

ಆಮೇಲೆ ಅವರು ಹೇಳಿದ್ದು ಇಷ್ಟು. 1969ರ ಮಳೆಗಾಲ. ಎಸ್ಟೇಟಿನ ದೊಡ್ಡ ದೊರೆ ಇನ್ನೂ ಇಂಗ್ಲಿಷಿನವನು. ಅವರು ನೀಲಗಿರಿ ಬಿಟ್ಟು ಹೋದದ್ದು ನಾಲ್ಕೈದು ವರ್ಷಗಳ ಮೇಲೆ. ಕಂಪನಿಯ ಯಾರೋ ದೊಡ್ಡವರು ಲಂಡನ್ನಿನಿಂದ ಬಂದಿದ್ದರು. ಮಾದರಿ ಡಬ್ಬಿಗಳನ್ನು ಬಂಗಲೆಗೆ ತರುವಂತೆ ಹೇಳಿಕಳಿಸಿದರು. ಇಪ್ಪತ್ತಾರರ ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಾಲ್ಕು ಗಂಟೆಗೆ ಸರಿಯಾಗಿ ಹೋದ. ಮಳೆ ಬಿಟ್ಟಿತ್ತು. ಹುಲ್ಲಿನ ಮೇಲೆ ಬೆತ್ತದ ಕುರ್ಚಿಗಳು, ಬಿಳಿ ಬಟ್ಟೆ, ಇದೇ ಥರ ಮೂರು ಅಂತಸ್ತಿನ ತಟ್ಟೆ, ಇಂಥದೇ ಬೆಳ್ಳಿಯ ಪಾಟು. ಪಾಟಿನೊಳಗಿದ್ದದ್ದು ಹಿಂದಿನ ವಾರ ಅವನೇ ರಾತ್ರಿ ನಿದ್ದೆಗೆಟ್ಟು ತೆಗೆದ ಮಾಲು. ಬಂದವರು ಬಟ್ಟಲನ್ನು ಬೆಳಕಿಗೆ ಹಿಡಿದು ಮೆಚ್ಚಿದರು. ದೊರೆ ಥ್ಯಾಂಕ್ಸ್ ಹೇಳಿ ನಕ್ಕ. ಮೆಟ್ಟಿಲ ಹತ್ತಿರ ಡಬ್ಬಿ ಹಿಡಿದು ನಿಂತವನ ಕಡೆ ಯಾರೂ ತಿರುಗಲಿಲ್ಲ. ಅರ್ಧ ಗಂಟೆಯ ಮೇಲೆ ಬಟ್ಲರ್ ಬಂದು ಹಿತ್ತಲ ಕಡೆ ಕರೆದ. ಕೂಲಿಯವರಿಗೆಂದು ಇಟ್ಟಿದ್ದ, ಅಂಚು ಕಿತ್ತುಹೋದ ಎನಾಮಲ್ ಮಗ್ಗಿನಲ್ಲಿ ಟೀ ತಂದುಕೊಟ್ಟ. ಅದೇ ಟೀ.

‘ನಾನು ಟೀ ಕುಡಿಯಲ್ಲ ಅಂದುಬಿಟ್ಟೆ. ಸುಳ್ಳು. ಆಮೇಲೆ ಸುಳ್ಳನ್ನ ನಿಜ ಮಾಡ್ಬೇಕಲ್ಲ.’

ದೊರೆ ಕೆಟ್ಟವನೇನಲ್ಲ ಎಂದೂ ಅವರೇ ಸೇರಿಸಿದರು. ಹಿರಿಯ ಮಗನಿಗೆ ಜ್ವರ ನೆತ್ತಿಗೇರಿದ ರಾತ್ರಿ ತನ್ನ ಜೀಪು ಕೊಟ್ಟು ಆಸ್ಪತ್ರೆಗೆ ಕಳಿಸಿದವನೂ ಅವನೇ. ಮೊಮ್ಮಗಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಮಗ ಅವಳ ಅಪ್ಪ.

ತಾತ ಚಮಚ ತೆಗೆದುಕೊಂಡರು. ಹಾಲು ಹಾಕಲಿಲ್ಲ, ಸಕ್ಕರೆ ಹಾಕಲಿಲ್ಲ. ಚಮಚ ತುಂಬಿಸಿ ತುಟಿಗಿಟ್ಟು, ಕಾರ್ಖಾನೆಯಲ್ಲಿ ಮಾಡುತ್ತಿದ್ದ ಹಾಗೆಯೇ, ‘ಸೊರ್ರ್’ ಎಂದು ಎಳೆದರು. ಪಿಯಾನೊದವನು ಆಗ ತಾನೇ ಒಂದು ಹಾಡು ಮುಗಿಸಿದ್ದ. ಸದ್ದು ಕಂಬದಿಂದ ಕಂಬಕ್ಕೆ ಹೋಯಿತು. ಪಕ್ಕದ ಮೇಜಿನ ಹೆಂಗಸರಿಬ್ಬರು ತಿರುಗಿ ನೋಡಿ ನೋಡದಂತೆ ಮಾಡಿದರು. ಟೀ ಹೇಗೆ ಕುಡಿಯಬೇಕೆಂದು 1946ರಲ್ಲಿ ಹನ್ನೊಂದು ನಿಯಮ ಬರೆದ ಜಾರ್ಜ್ ಆರ್ವೆಲ್, ತಟ್ಟೆಗೆ ಸುರಿದು ಕುಡಿದರೆ ಯಾಕೆ ಅಸಭ್ಯ ಎಂದು ಅದೇ ಲೇಖನದಲ್ಲಿ ಕೇಳಿದ್ದ. ಅವನು ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ. ಸೊರ್ ಎನ್ನುವ ಬಗ್ಗೆ ಅವನೂ ಏನೂ ಹೇಳಿಲ್ಲ, ಇರಲಿ.

ತಾತ ಉಗಿಯಲಿಲ್ಲ. ನುಂಗಿದರು. ಆಮೇಲೆ ಟೀಪಾಟಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು; ಬೆಂದ ಎಲೆಯನ್ನು ಚಮಚದಲ್ಲಿ ಎತ್ತಿ ತಟ್ಟೆಯ ಅಂಚಿಗೆ ಹಚ್ಚಿ ಬೆರಳಿನಿಂದ ತಿಕ್ಕಿ ಮೂಸಿದರು. ಏನೋ ಬಿದ್ದಿರಬೇಕೆಂದು ಬಡಿಸುವವನು ಗಾಬರಿಯಿಂದ ಓಡಿಬಂದ.

‘ಏನೂ ಇಲ್ಲ ಸಾರ್’ ಎಂದರು ತಾತ, ಎಸ್ಟೇಟಿನ ಇಂಗ್ಲಿಷಿನಲ್ಲಿ. ‘ಸೊಪ್ಪು ಹೊಸ ತಾಮ್ರದ ಬಣ್ಣ ಇದೆ. ಬಾಡಿಸಿದ್ದು ಚೆನ್ನಾಗಿದೆ, ಒಲೆ ಹೆಚ್ಚಾಗಿಲ್ಲ. ಯಾರೋ ಒಬ್ಬ ಟೀ ಮೇಕರ್ ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ.’

ಅವನು ಮೊಮ್ಮಗಳ ಮುಖ ನೋಡಿದ. ಅವಳು ವಿವರಿಸಿದಳು. ಅವನು ಒಂದು ಕ್ಷಣ ಸುಮ್ಮನೆ ನಿಂತು, ಅನುಮತಿ ಕೇಳಿ ತಾತನ ಬಟ್ಟಲಿಗೆ ಇನ್ನಷ್ಟು ಬಗ್ಗಿಸಿದ. ತನ್ನ ಅಜ್ಜನೂ ಟೀಯನ್ನು ಸದ್ದು ಮಾಡಿಯೇ ಕುಡಿಯುತ್ತಿದ್ದ, ಅಜ್ಜಿ ಬೈಯುತ್ತಿದ್ದಳು ಎಂದ.

ಎರಡನೇ ಬಟ್ಟಲು ಮುಗಿಯುವ ಹೊತ್ತಿಗೆ ಮೊಮ್ಮಗಳು ಕೇಳಿದಳು: ‘ಆ ಎನಾಮಲ್ ಮಗ್ಗು ಕೂಲಿಯವರದು ಅಂದ್ರಲ್ಲ ತಾತ. ಅವರು ಎಲ್ಲಿ ಕೂತ್ಕೊಂಡು ಕುಡೀತಿದ್ರು?’

ತಾತ ಬಟ್ಟಲು ಕೆಳಗಿಟ್ಟರು. ಎಲೆ ಕೀಳುವ ಹೆಂಗಸರು ಬುಟ್ಟಿ ಹೊತ್ತು ತೂಕಕ್ಕೆ ಬರುತ್ತಿದ್ದದ್ದು, ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದದ್ದು, ತಕ್ಕಡಿಯ ಪಕ್ಕದ ಬೆಂಚಿನ ಮೇಲೆ ತಾವು ಪುಸ್ತಕ ಹಿಡಿದು ಕುಳಿತಿರುತ್ತಿದ್ದದ್ದು.

‘ನಿಂತ್ಕೊಂಡೇ’ ಎಂದರು. ‘ಬೆಂಚಲ್ಲಿ ಜಾಗ ಇತ್ತು. ನಾನೂ ಯಾವತ್ತೂ ಕೂತ್ಕೊಳ್ಳಿ ಅಂದವನಲ್ಲ ಪುಟ್ಟಿ.’

ತಿನ್ನಲಾಗದೆ ಉಳಿದ ಕೇಕುಗಳನ್ನು ಬಡಿಸುವವನು ಪುಟ್ಟ ರಟ್ಟಿನ ಡಬ್ಬಿಯಲ್ಲಿ ಹಾಕಿಕೊಟ್ಟ. ರೈಲಿನಲ್ಲಿ ಅದನ್ನು ತಾತ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಮೊಮ್ಮಗಳು ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಟೀಗೆಂದು ನೀರು ಇಟ್ಟು, ಯಾವುದು ಎಂಬಂತೆ ತಿರುಗಿ ನೋಡಿದಳು.

‘ಬೆಳಿಗ್ಗೆ ಹೊತ್ತು ಕಾಫೀನೇ’ ಎಂದರು ತಾತ. ‘ಟೀ ಸಾಯಂಕಾಲಕ್ಕೆ ಮಾಡು. ನೀರು ಕುದಿ ಬಂದ ಕೂಡಲೇ ನನ್ನ ಕರಿ, ನೀನು ಸೊಪ್ಪು ಜಾಸ್ತಿ ಹಾಕ್ತೀಯ.’